ರಾಗಿಗೆ ಬಾಳನ್ನು ಮುಡಿಪಿಟ್ಟ ಲಕ್ಷ್ಮಣಯ್ಯನವರು

ಹಿಂಗಣಾ ಕೈಗಾರಿಕಾ ವಸಾಹತಿನ ಆಸುಪಾಸಿನಲ್ಲಿ ದುಡಿಯುವ ನಮ್ಮ ಹೋಟೆಲು ಬಂಧುಗಳು ಮುಂಜಾವದಿಂದಲೇ ಪರರ ಹಸಿವನ್ನು ತಣಿಸುವವರು. ಆದರೆ ಅವರ ಮಕ್ಕಳ ಬೆಳಗಿನ ಆಹಾರ ಚಹಾ-ಪಾವಿನಲ್ಲಿಯೇ ಮುಗಿಯುವುದುಂಟು. ಅಂತಹ ಮನೆಗಳು ಕೃತಜ್ಞತೆಯಿಂದ ಸ್ಮರಿಸಬೇಕಾದ ಮಹನೀಯರೊಬ್ಬರಿದ್ದಾರೆ. ನಾಡು ಅವರನ್ನು ರಾಗಿ ಲಕ್ಷ್ಮಣಯ್ಯನವರೆಂದೇ ಕರೆಯಿತು.

1921ರಲ್ಲಿ ಮೈಸೂರು ಸೀಮೆಯಲ್ಲಿ ಜನಿಸಿದ ಲಕ್ಷ್ಮಣಯ್ಯನವರು ಕೃಷಿ ಇಲಾಖೆಯನ್ನು ಸೇರಿ, ಮಂಡ್ಯದ ವಿ.ಸಿ. ಫಾರಮ್ಮಿನಲ್ಲಿ ರಾಗಿಯ ತಳಿ ಸಂಶೋಧನೆಗೆ ತೊಡಗಿದರು. ರಾಗಿಯಾದರೋ ಬಡವರ ಧಾನ್ಯ. ಮಳೆಯನ್ನೇ ನಂಬಿದ ಒಣಭೂಮಿಯ ಬೆಳೆ. ಅದರ ಹೂವು ಅತಿ ಸೂಕ್ಷ್ಮ. ತನ್ನ ಪರಾಗದಿಂದಲೇ ತಾನು ಕಾಳುಕಟ್ಟುವಂಥದು. ಆದುದರಿಂದ ಎರಡು ತಳಿಗಳನ್ನು ಕೂಡಿಸುವುದು ಬಹು ತಾಳ್ಮೆಯ ಕಾರ್ಯ. ಅವರು ಅದನ್ನು ಸಾಧಿಸಿ ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ ಮೊದಲಾದ ತಳಿಗಳನ್ನು ರೈತರಿಗಿತ್ತರು.

ಅಷ್ಟಕ್ಕೇ ಅವರು ತೃಪ್ತರಾಗಲಿಲ್ಲ. ರಾಗಿಯ ಮೂಲನೆಲೆ ಪೂರ್ವ ಆಫ್ರಿಕಾ. ಅಲ್ಲಿಯ ತಳಿಗಳ ಕಾಂಡ ಬಲವಾದುದು, ತೆನೆ ದಪ್ಪ. ನಮ್ಮ ತಳಿಗಳು ಈ ಮಣ್ಣಿಗೂ ಮಳೆಗೂ ಒಗ್ಗಿದಂಥವು. 1960ರ ದಶಕದಿಂದ ಇವೆರಡನ್ನೂ ಬೆಸೆದು ಅವರು ಪಡೆದ ಸಂತತಿಗೆ ಇಂಡಿಯಾ, ಆಫ್ರಿಕಾಗಳ ಹೆಸರುಗಳನ್ನು ಕೂಡಿಸಿ ಇಂಡಾಫ್ ಎಂಬ ನಾಮಕರಣವಾಯಿತು. ರೈತನಿಗೆ ಅದೇ ಹೊಲದಲ್ಲಿ ಹೆಚ್ಚು ರಾಗಿ ದೊರೆಯಿತು. ಬಡವರ ಮನೆಯ ಮಡಕೆ ತುಂಬಿತು. 1993ರಲ್ಲಿ ಅವರು ದಿವಂಗತರಾದರು. ಅವರ ಸೇವೆಗೆ ಸಲ್ಲಬೇಕಾದ ಮನ್ನಣೆ ಸಲ್ಲಲಿಲ್ಲವೆಂದೇ ಹೇಳಬೇಕು.

ಅವರು ಬೆಳೆಸಿದ ಧಾನ್ಯದ ಬೆಲೆಯನ್ನು ಅಂಕಿಗಳಿಂದಲೂ ಅರಿಯಬಹುದು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವುಂಟು. ಪಾಲಿಶ್ ಅಕ್ಕಿಯಲ್ಲಿ ಹತ್ತರ ಆಸುಪಾಸು ಮಾತ್ರ. ಬೆಳೆಯುವ ಮಕ್ಕಳ ಮೂಳೆಗೂ ಬಾಣಂತಿಯರ ದೇಹಕ್ಕೂ ಇದು ಅತ್ಯಗತ್ಯ. ಇದನ್ನು ಮನಗಂಡೇ ಕರ್ನಾಟಕ ಸರಕಾರವು 2024ರಲ್ಲಿ ಶಾಲಾಮಕ್ಕಳ ಹಾಲಿನೊಡನೆ ರಾಗಿ ಮಾಲ್ಟನ್ನು ಕೊಡಲಾರಂಭಿಸಿತು.

ಈ ಲೇಖಕನೂ ಹಲವು ವರ್ಷ ಗಲ್ಲಾದ ಮೇಲೆ ಕುಳಿತವನೇ. ಗಿರಾಕಿಯ ತಟ್ಟೆಯ ಮೇಲಿದ್ದ ದೃಷ್ಟಿ, ಲೋಟ ತೊಳೆಯುವ ಹುಡುಗರು ಏನನ್ನುಣ್ಣುತ್ತಾರೆಂಬುದರ ಕಡೆಗೆ ಹರಿಯಲಿಲ್ಲ. ಆ ತಪ್ಪು ಇನ್ನಾದರೂ ತಿದ್ದಲ್ಪಡಲಿ. ಊರಿಗೆ ಹೋದವರು ಮರಳುವಾಗ ಐದು ಸೇರು ರಾಗಿಹಿಟ್ಟನ್ನು ತರಲಿ. ಮಾಲಿಕರು ಕೆಲಸಗಾರರ ಊಟಕ್ಕೆ ವಾರದಲ್ಲಿ ಎರಡು ದಿನವಾದರೂ ಮುದ್ದೆಯನ್ನೋ ಅಂಬಲಿಯನ್ನೋ ಸೇರಿಸಲಿ. ಲಕ್ಷ್ಮಣಯ್ಯನವರಿಗೆ ನಾವು ಸಲ್ಲಿಸಬಹುದಾದ ಗೌರವ ಇದೇ.