ಆಟದ ಮೇಷ್ಟರುಗಳ ಗುರು ಹ್ಯಾರಿ ಬಕ್

ಶಾಲೆಯ ಆಟದ ಬಯಲಿಗೂ ತರಬೇತಿ ಪಡೆದ ಗುರು ಬೇಕೆಂಬುದನ್ನು ದಕ್ಷಿಣ ಭಾರತಕ್ಕೆ ಮನಗಾಣಿಸಿದವರಲ್ಲಿ ಅಮೆರಿಕದ ಹ್ಯಾರಿ ಕ್ರೋ ಬಕ್ ಪ್ರಮುಖರು. ಮದ್ರಾಸಿಗೆ ಬಂದ ಅವರು 1920ರಲ್ಲಿ ಬೆರಳೆಣಿಕೆಯ ವಿದ್ಯಾರ್ಥಿಗಳೊಂದಿಗೆ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಶಾಲೆಯನ್ನು ಆರಂಭಿಸಿದರು. ಅದೇ ಮುಂದೆ ಕಾಲೇಜಾಗಿ ಬೆಳೆಯಿತು.

1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಭಾರತದ ಅಥ್ಲೆಟಿಕ್ಸ್ ತಂಡವನ್ನು ಕರೆದೊಯ್ಯುವ ಹೊಣೆಯೂ ಅವರ ಹೆಗಲೇರಿತು. ಓಟಗಾರರು, ಜಿಗಿತಗಾರರು ಬರಿಗೈಯಲ್ಲಿ ಮರಳಿದರು. ಬಕ್ ಎದೆಗುಂದಲಿಲ್ಲ. ವೈ.ಎಂ.ಸಿ.ಎ.ಯ ಸಹೋದ್ಯೋಗಿ ನೋರೆನ್ ಅವರಂತೆಯೇ ನಾಡು ಸುತ್ತಿ, ಪ್ರಾಂತಗಳಲ್ಲಿ ಕ್ರೀಡಾ ಸಂಘಗಳು ತಲೆಯೆತ್ತಲು ಶ್ರಮಿಸಿದರು. ಆ ದುಡಿಮೆಯ ಫಲವಾಗಿ 1927ರಲ್ಲಿ ದೊರಾಬ್ಜಿ ಟಾಟಾ ಅಧ್ಯಕ್ಷತೆಯಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ರೂಪುಗೊಂಡಿತು.

1943ರಲ್ಲಿ ಬಕ್ ಕಣ್ಮುಚ್ಚಿದರು. ಪದಕ ತಂದುಕೊಡಲಾಗದ ಆ ತರಬೇತುದಾರ ಕಟ್ಟಿದ ಕಾಲೇಜು ಮಾತ್ರ ಚೆನ್ನೈನ ನಂದನಂನಲ್ಲಿ ಇಂದಿಗೂ ದೈಹಿಕ ಶಿಕ್ಷಕರನ್ನು ರೂಪಿಸುತ್ತಿದೆ.