ಸೊಂಟನೋವಿಗೆ ಅಂಚೆಯಲ್ಲಿ ವ್ಯಾಯಾಮ: ಕೆ.ವಿ. ಅಯ್ಯರ್ ಕಳಿಸಿದ ಪಾಠದಲ್ಲಿ ನಿಂತಿದ್ದೆಷ್ಟು?

ಈ ಚಪ್ಪಲಿ ಹಾಕಿದರೆ ಏಳೇ ದಿನದಲ್ಲಿ ಸೊಂಟನೋವು ಮಾಯ, ಈ ಮೂರು ಆಸನ ಮಾಡಿದರೆ ಡಾಕ್ಟರೇ ಬೇಡ. ಯಲಹಂಕ, ಹೆಬ್ಬಾಳದ ಅಪಾರ್ಟ್‌ಮೆಂಟ್ ಗ್ರೂಪ್‌ಗಳಿಂದ ಹಿಡಿದು ಊರಿನ ಸಂಬಂಧಿಕರ ಗ್ರೂಪ್‌ವರೆಗೆ ಇಂಥ ಫಾರ್ವರ್ಡ್ ಓಡಾಡುತ್ತಲೇ ಇರುತ್ತವೆ. ಮನೆಯಲ್ಲೇ ಮಾಡುವ ವ್ಯಾಯಾಮವನ್ನು ದೂರದಿಂದ ಕಲಿಸುವ ಕೆಲಸ ಮಾತ್ರ ಹೊಸದಲ್ಲ. ಸುಮಾರು ನೂರು ವರ್ಷದ ಹಿಂದೆಯೇ ಬೆಂಗಳೂರಿನಿಂದ ಒಬ್ಬರು ಅದನ್ನು ಅಂಚೆಯಲ್ಲಿ ಕಳಿಸುತ್ತಿದ್ದರು. ಅವರು ಕೋಲಾರ ವೆಂಕಟೇಶ ಅಯ್ಯರ್, ಅಂದರೆ ಕೆ.ವಿ. ಅಯ್ಯರ್.

ಹೆಸರು ಕೇಳಿದಂತಿದೆಯೇ? ಇರಬಹುದು. 'ಶಾಂತಲಾ' ಕಾದಂಬರಿ ಬರೆದವರು ಇವರೇ. ಪುಸ್ತಕ ಓದಿದ ಎಷ್ಟೋ ಜನರಿಗೆ ಇವರೊಬ್ಬ ಪೈಲ್ವಾನ್ ಮೈಕಟ್ಟಿನ ವ್ಯಾಯಾಮ ಗುರು ಎಂಬುದೇ ಗೊತ್ತಿರುವುದಿಲ್ಲ.

ಅಯ್ಯರ್ ಹುಟ್ಟಿದ್ದು 19ನೇ ಶತಮಾನದ ಕೊನೆಯ ವರ್ಷಗಳಲ್ಲಿ. ಆಗ ಜಗತ್ತಿನಲ್ಲೆಲ್ಲ ಯೂಜನ್ ಸ್ಯಾಂಡೋ ಎಂಬ ಜರ್ಮನ್ ಮೂಲದ ಬಲಶಾಲಿಯ ಹೆಸರು. ಸ್ಯಾಂಡೋ ಪುಸ್ತಕ ಬರೆದ, ಡಂಬ್‌ಬೆಲ್ ಮಾರಿದ, ಅಂಚೆಯಲ್ಲಿ ಪಾಠ ಮಾಡಿದ, 1904-05ರಲ್ಲಿ ಭಾರತಕ್ಕೂ ಬಂದು ಪ್ರದರ್ಶನ ಕೊಟ್ಟ. ಅಯ್ಯರ್ ಬೆಳೆದದ್ದು ಆ ಗಾಳಿಯಲ್ಲಿ. 1920ರ ದಶಕದಲ್ಲಿ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಹೆಸರಿನ ಜಿಮ್ ನಡೆಸಿದರು. ಗ್ರೀಕ್ ಶಿಲ್ಪದಂತೆ ನಿಂತು ತೆಗೆಸಿಕೊಂಡ ಅವರ ಫೋಟೋಗಳು ವಿದೇಶಿ ಪತ್ರಿಕೆಗಳಲ್ಲಿ ಅಚ್ಚಾದವು. ತಮ್ಮ ದೇಹದ ಬಗ್ಗೆ ತಾವೇ ಹೊಗಳಿಕೊಳ್ಳುವುದರಲ್ಲಿ ಅವರಿಗೆ ಸಂಕೋಚ ಇರಲಿಲ್ಲ. ಈಗಿನ ಫಿಟ್‌ನೆಸ್ ರೀಲ್ಸ್ ನೋಡಿದವರಿಗೆ ಇದರಲ್ಲಿ ಆಶ್ಚರ್ಯ ಕಾಣಲಿಕ್ಕಿಲ್ಲ.

ಆದರೆ ಸ್ಯಾಂಡೋ ಮಾಡದ ಒಂದು ಕೆಲಸ ಇವರು ಮಾಡಿದರು. ಬಾರ್‌ಬೆಲ್ ಪಕ್ಕದಲ್ಲೇ ಆಸನ, ಪ್ರಾಣಾಯಾಮ, ಸೂರ್ಯನಮಸ್ಕಾರ ತಂದಿಟ್ಟರು. ಬೆಂಗಳೂರಿನಲ್ಲೇ ಇದ್ದ ಯೋಗಾಚಾರ್ಯ ಸುಂದರಂ ಅವರೊಡನೆ ಸೇರಿ ಊರೂರಲ್ಲಿ ಪ್ರಾತ್ಯಕ್ಷಿಕೆ ನಡೆಸಿದರು. 1930ರಲ್ಲಿ ಸ್ನಾಯು ಸಾಧನೆಯ ಬಗ್ಗೆ, 1937ರಲ್ಲಿ ಸೂರ್ಯನಮಸ್ಕಾರದ ಬಗ್ಗೆ ಇಂಗ್ಲಿಷ್ ಪುಸ್ತಕ ಬರೆದರು. ಸೂರ್ಯನಮಸ್ಕಾರ ಸಾವಿರಾರು ವರ್ಷದಿಂದ ಈಗಿನ ಕ್ರಮದಲ್ಲೇ ಇತ್ತು ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಅದು ದೈನಂದಿನ ವ್ಯಾಯಾಮವಾಗಿ ಮನೆಮನೆಗೆ ಹೋದದ್ದು ಮುಖ್ಯವಾಗಿ 1920-30ರ ದಶಕಗಳಲ್ಲಿ. ಔಂಧ್ ಸಂಸ್ಥಾನದ ರಾಜರ ಪ್ರಚಾರ, ಆಮೇಲೆ ಅಯ್ಯರ್ ಅಂಥವರ ಶ್ರಮ ಅದರ ಹಿಂದಿದೆ.

ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಪ್ರೋತ್ಸಾಹವೂ ಅಯ್ಯರ್‌ಗೆ ಸಿಕ್ಕಿತು. ಜೆ.ಸಿ. ರಸ್ತೆಯಲ್ಲಿ ಅವರ ವ್ಯಾಯಾಮಶಾಲೆ ಎದ್ದು ನಿಂತಿತು. ಅಲ್ಲಿಗೆ ಬರಲಾಗದವರಿಗೆ ಅಂಚೆ ಪಾಠ: ಗೋಡೆಗೆ ಅಂಟಿಸುವ ಚಿತ್ರಪಟ, ಅದನ್ನು ನೋಡಿ ಮನೆಯಲ್ಲೇ ಅಭ್ಯಾಸ. ಸ್ನಾಯು ಬೆಳೆಸಿಕೊಳ್ಳಲು ಬಂದವರಷ್ಟೇ ಅಲ್ಲ, ಕಾಯಿಲೆ ಇದ್ದವರಿಗೂ ವ್ಯಾಯಾಮವೇ ಮದ್ದು ಎಂದು ಅವರು ನಂಬಿದ್ದರು.

ನಂಬಿಕೆ ಎಷ್ಟು ಸರಿ? ಸೊಂಟನೋವಿನ ಮಟ್ಟಿಗೆ ನೋಡೋಣ. 2021ರ ಕೊಕ್ರೇನ್ ವಿಮರ್ಶೆ 249 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿತು. ಮೂರು ತಿಂಗಳಿಗಿಂತ ಹಳೆಯ ಸೊಂಟನೋವಿಗೆ ಏನೂ ಮಾಡದಿರುವುದಕ್ಕಿಂತ ವ್ಯಾಯಾಮ ಮಾಡುವುದು ಬಹುಶಃ ಮೇಲು ಎಂದಿತು. ನೋವು ಕಡಿಮೆಯಾಗುತ್ತದೆ, ಮಾಯವಾಗುವುದಿಲ್ಲ. 2024ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ 701 ಜನರಿದ್ದರು. ಎಲ್ಲರೂ ಸೊಂಟನೋವಿನಿಂದ ಆಗಷ್ಟೇ ಚೇತರಿಸಿಕೊಂಡವರು. ಫಿಸಿಯೋಥೆರಪಿಸ್ಟ್ ಸಲಹೆಯಂತೆ ನಿಧಾನವಾಗಿ ನಡಿಗೆ ಹೆಚ್ಚಿಸಿದವರಿಗೆ ನೋವು ಮರಳಲು ಮಧ್ಯಾಂಕದ (ಮೀಡಿಯನ್) ಲೆಕ್ಕದಲ್ಲಿ 208 ದಿನ ಹಿಡಿಯಿತು, ಉಳಿದವರಿಗೆ 112. ಜಕ್ಕೂರು ಕೆರೆ ಸುತ್ತ ನಡೆಯುವುದಕ್ಕೆ ಫೀಸೂ ಇಲ್ಲ.

ಅಯ್ಯರ್ ಎಡವಿದ್ದು ಬೇರೆ ಕಡೆ. ಆ ಕಾಲದ ಹಲವು ವ್ಯಾಯಾಮ ಗುರುಗಳಂತೆ ಅವರಿಗೂ ಗುಣವಾದವರೇ ಸಾಕ್ಷಿ. ಆದರೆ ಹೊಸ ಸೊಂಟನೋವು ಬಹಳಷ್ಟು ಜನರಿಗೆ ಕೆಲವೇ ವಾರಗಳಲ್ಲಿ ತಾನಾಗಿಯೇ ತಗ್ಗುತ್ತದೆ. ವ್ಯಾಯಾಮ ಮಾಡದ ಇನ್ನೊಂದು ಗುಂಪನ್ನು ಪಕ್ಕದಲ್ಲಿ ಇಟ್ಟು ನೋಡದೆ ಗುಣಪಡಿಸಿದ್ದು ಆಸನವೋ ಕಾಲವೋ ಎಂದು ಹೇಳಲಾಗದು. ಚಪ್ಪಲಿಯ ಜಾಹೀರಾತೂ ಇದೇ ಗುಂಡಿಗೆ ಬೀಳುತ್ತದೆ. ಶೂ ಒಳಗಿಡುವ ಇನ್‌ಸೋಲ್ ಸೊಂಟನೋವನ್ನು ತಡೆಯುವುದಿಲ್ಲ ಎಂದು 2007ರಲ್ಲೇ ಕೊಕ್ರೇನ್ ಹೇಳಿತು. ಅಡಿ ಬಾಗಿದ, ತೂಗುವಂಥ ಶೂಗಳನ್ನು 2013ರಲ್ಲಿ ಪ್ರಕಟವಾದ ಲಂಡನ್ ಪ್ರಯೋಗ ಸಾಮಾನ್ಯ ಚಪ್ಪಟೆ ಶೂ ಜೊತೆ ಹೋಲಿಸಿತು. ದುಬಾರಿ ಶೂ ಹೆಚ್ಚೇನೂ ಮಾಡಲಿಲ್ಲ. ನಿಂತಾಗ, ನಡೆದಾಗ ನೋವು ಹೆಚ್ಚುವವರಿಗಂತೂ ಚಪ್ಪಟೆ ಶೂವೇ ವಾಸಿಯಾಯಿತು.

ಚಿತ್ರಪಟಕ್ಕೆ ಇನ್ನೊಂದು ಮಿತಿಯೂ ಇತ್ತು, ವಿಡಿಯೋಗೂ ಅದೇ ಮಿತಿ. ಎದುರಿಗಿರುವವರ ಕಾಲಿನ ಬಲ ಕುಗ್ಗುತ್ತಿರುವುದು ಅದಕ್ಕೆ ಕಾಣಿಸುವುದಿಲ್ಲ. ಕಾಲಿನ ಶಕ್ತಿ ಕಡಿಮೆಯಾಗುತ್ತಿದ್ದರೆ, ತೊಡೆಸಂದಿಯ ಸುತ್ತ ಜೋಮು ಹಿಡಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ನೋವಿನ ಜೊತೆ ಜ್ವರ ಇದ್ದರೂ, ಬಿದ್ದ ಮೇಲೆ ನೋವು ಶುರುವಾಗಿದ್ದರೂ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೂ ವೈದ್ಯರಿಗೆ ತೋರಿಸದೆ ಯಾವ ಆಸನವನ್ನೂ ಶುರು ಮಾಡಬೇಡಿ.

ವ್ಯಾಯಾಮಶಾಲೆಯ ಹುಡುಗರ ಜೊತೆಗೇ ಅಯ್ಯರ್ ನಾಟಕಕ್ಕೂ ಇಳಿದರು. ರವಿ ಕಲಾವಿದರು ತಂಡ ಕಟ್ಟಿದರು, ಟಿ.ಪಿ. ಕೈಲಾಸಂ ಅವರ ಆಪ್ತ ವಲಯದಲ್ಲಿದ್ದರು, ಅವರ ನೆನಪುಗಳನ್ನೂ ಪುಸ್ತಕ ಮಾಡಿದರು. 'ರೂಪದರ್ಶಿ', 'ಶಾಂತಲಾ' ಬಂದದ್ದು ಸ್ವಾತಂತ್ರ್ಯದ ನಂತರ. 1980ರಲ್ಲಿ ತೀರಿಕೊಂಡರು. ಅಂಚೆ ಪಾಠ ಯಾವತ್ತೋ ನಿಂತಿದೆ, 'ಶಾಂತಲಾ' ಮಾತ್ರ ಅವರ ನಂತರವೂ ಅಚ್ಚಾಗುತ್ತಾ ಬಂದಿದೆ.