ಗೋಡೆ ಮೇಲಿನ ನಾಲ್ಕನೆಯ ಫೋಟೊ

ವಾರಕ್ಕೆ ಮೂರು ದಿನ ಬೆಳಿಗ್ಗೆ ನಾನು ಬಾಕ್ಸಿಂಗ್ ಕಲಿಯಲು ಹೋಗುವ ಕೊಂಡಾಪುರದ ಜಿಮ್‌ನ ಗೋಡೆ ಮೇಲೆ ನಾಲ್ಕು ಫೋಟೊಗಳಿವೆ. ಅಲಿ, ಟೈಸನ್, ನಿಜಾಮಾಬಾದಿನ ನಿಖತ್ ಜರೀನ್. ನಾಲ್ಕನೆಯದು ಹಳೆಯ ಕಪ್ಪು-ಬಿಳುಪು ಚಿತ್ರ. ಬೋಳು ತಲೆ, ಅಗಲ ಎದೆ, ಬಾಯಿ ತುಂಬ ನಗು. ಯಾರೆಂದು ಕೋಚ್‌ಗೂ ಗೊತ್ತಿರಲಿಲ್ಲ, ಚೆನ್ನಾಗಿ ಕಾಣುತ್ತದೆಂದು ಹಾಕಿದ್ದರಂತೆ. ವಿಜಯಪುರ ಕಡೆಯ ನಮ್ಮೂರ ಗರಡಿಮನೆಯಲ್ಲಿ ಹನುಮಪ್ಪನ ಪಕ್ಕದಲ್ಲೇ ಗಾಮಾ ಪೈಲ್ವಾನನ ಚಿತ್ರವಿತ್ತು. ಅದನ್ನು ನೋಡುತ್ತ ಬೆಳೆದ ನನಗೆ ಪೈಲ್ವಾನನ ಹೆಸರು ತಿಳಿಯದೆ ಸಮಾಧಾನವಿಲ್ಲ. ಹುಡುಕಿದೆ. ಜ್ಯಾಕ್ ಜಾನ್ಸನ್.

1878ರಲ್ಲಿ ಅಮೆರಿಕದ ಟೆಕ್ಸಾಸ್‌ನ ಗ್ಯಾಲ್ವೆಸ್ಟನ್ ಬಂದರಿನಲ್ಲಿ ಹುಟ್ಟಿದವನು. ಅಪ್ಪ ಅಮ್ಮ ಗುಲಾಮಗಿರಿ ಕಂಡವರು. ಆಗ ಹೆವಿವೇಟ್ ಪಟ್ಟವೆಂದರೆ ಬಿಳಿಯರ ಸ್ವತ್ತು. ಕಪ್ಪುವರ್ಣೀಯರಿಗೆ ಬೇರೆಯೇ ಪಟ್ಟ. ಅದನ್ನು ಜಾನ್ಸನ್ 1903ರಲ್ಲೇ ಗೆದ್ದ. ಆದರೆ ವಿಶ್ವ ಚಾಂಪಿಯನ್ ಜಿಮ್ ಜೆಫ್ರೀಸ್ ಇವನೊಂದಿಗೆ ರಿಂಗಿಗೆ ಇಳಿಯಲೇ ಇಲ್ಲ, ಸೋಲದೆ ನಿವೃತ್ತನಾದ. ಮುಂದೆ ಚಾಂಪಿಯನ್ ಆದ ಟಾಮಿ ಬರ್ನ್ಸ್‌ನ ಬೆನ್ನುಹತ್ತಿ ಜಾನ್ಸನ್ ಲಂಡನ್ನಿಗೆ ಹೋದ, ಅಲ್ಲಿಂದ ಆಸ್ಟ್ರೇಲಿಯಾಕ್ಕೆ ಹೋದ. 1908ರ ಡಿಸೆಂಬರ್ 26ರಂದು ಸಿಡ್ನಿಯಲ್ಲಿ ಕೊನೆಗೂ ಸಿಕ್ಕ. ಹೊಡೆಯುತ್ತ, ನಗುತ್ತ, ಮಾತಲ್ಲೇ ಕೆಣಕುತ್ತ ಆಡಿದ. ಹದಿನಾಲ್ಕನೇ ಸುತ್ತಿಗೆ ಪೊಲೀಸರೇ ನಡುವೆ ಬಂದು ಪಂದ್ಯ ನಿಲ್ಲಿಸಿದರು.

ಆ ನಗು ಬಿಳಿಯರಿಗೆ ನುಂಗಲಾರದ ತುತ್ತಾಯಿತು. ಜೆಫ್ರೀಸ್‌ನನ್ನು ಹಿಂದಕ್ಕೆ ಕರೆಸಿದರು. ಆತ ಸುಮಾರು ನೂರು ಪೌಂಡ್ ತೂಕ ಇಳಿಸಿ 1910ರ ಜುಲೈ 4ರಂದು ರೀನೊ ನಗರದಲ್ಲಿ ರಿಂಗಿಗೆ ಇಳಿದ. ಹದಿನೈದನೇ ಸುತ್ತಿಗೆ ಕಥೆ ಮುಗಿಯಿತು. ಆ ರಾತ್ರಿ ಊರೂರಲ್ಲಿ ಗಲಭೆ, ಗೆಲುವನ್ನು ಸಂಭ್ರಮಿಸಿದ ಕಪ್ಪು ಜನರ ಮೇಲೆ ದಾಳಿ, ಸಾವು. 1912ರಲ್ಲಂತೂ ಬಾಕ್ಸಿಂಗ್ ಪಂದ್ಯದ ಸಿನಿಮಾವನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸಬಾರದೆಂದು ಕಾನೂನೇ ಬಂತು.

ಅವನೇನು ಸಾಧುವಲ್ಲ. ವೇಗದ ಕಾರು, ಚಿನ್ನ ಕಟ್ಟಿಸಿದ ಹಲ್ಲು, ಅದು ಬಿಡಿ. ಹೆಂಡತಿ ಎಟ್ಟಾಳನ್ನು ಹೊಡೆಯುತ್ತಿದ್ದ. 1912ರಲ್ಲಿ ಆಕೆ ಆತ್ಮಹತ್ಯೆ ಮಾಡಿಕೊಂಡಳು. ಇದನ್ನು ಓದಿದ ಮೇಲೆ ವಾರವಿಡೀ ಆ ಫೋಟೊದ ಕಡೆ ನೋಡಲು ನನಗೆ ಮನಸ್ಸಾಗಲಿಲ್ಲ. ಇನ್ನೊಂದು ಮಾತು: ಪಟ್ಟ ಸಿಕ್ಕ ಮೇಲೆ ಸ್ಯಾಮ್ ಲ್ಯಾಂಗ್‌ಫರ್ಡ್‌ನಂಥ ಬಲಿಷ್ಠ ಕಪ್ಪು ಬಾಕ್ಸರ್‌ಗೆ ಇವನೂ ಅವಕಾಶ ಕೊಡಲಿಲ್ಲ.

ಆದರೆ ಸರ್ಕಾರ ಅವನನ್ನು ಹಿಡಿದದ್ದು ಹೆಂಡತಿಯನ್ನು ಹೊಡೆದದ್ದಕ್ಕಲ್ಲ, ಬಿಳಿ ಹೆಂಗಸರ ಜೊತೆ ಬಾಳಿದ್ದಕ್ಕೆ. ಹೆಂಗಸರ ಸಾಗಾಟ ತಡೆಯಲು ತಂದಿದ್ದ ಮ್ಯಾನ್ ಕಾಯ್ದೆಯನ್ನು ಅವನ ಮೇಲೆ ಹಾಕಿದರು. 1913ರಲ್ಲಿ ಬಿಳಿಯರೇ ತುಂಬಿದ್ದ ಜ್ಯೂರಿ ಅವನನ್ನು ಅಪರಾಧಿ ಎಂದಿತು. ಒಂದು ವರ್ಷ ಒಂದು ದಿನದ ಶಿಕ್ಷೆ. ಅವನು ದೇಶ ಬಿಟ್ಟ. ಏಳು ವರ್ಷ ಊರೂರು ಅಲೆದ. 1915ರಲ್ಲಿ ಹವಾನಾದಲ್ಲಿ, ಜೆಸ್ ವಿಲ್ಲರ್ಡ್ ಎದುರು 26ನೇ ಸುತ್ತಿನಲ್ಲಿ ಪಟ್ಟ ಹೋಯಿತು. 1920ರಲ್ಲಿ ತಾನೇ ಬಂದು ಶರಣಾಗಿ ಲೆವೆನ್‌ವರ್ತ್ ಜೈಲು ಸೇರಿದ. ಎಂಜಿನಿಯರ್ ಆದ ನನಗೆ ಖುಷಿ ಕೊಟ್ಟ ಸಂಗತಿಯೊಂದಿದೆ: 1922ರಲ್ಲಿ ಅವನ ಹೆಸರಿಗೆ ಒಂದು ಸ್ಪ್ಯಾನರ್‌ನ ಪೇಟೆಂಟ್ ಬಂತು. ನಮ್ಮ ಕಡೆ ಪಾನಾ ಅನ್ನುತ್ತೇವಲ್ಲ, ಅದೇ.

1937ರಲ್ಲಿ ಜೋ ಲೂಯಿ ಚಾಂಪಿಯನ್ ಆದ. ಬಿಳಿ ಹೆಂಗಸರ ಜೊತೆ ಫೋಟೊ ಬೇಡ, ಗೆದ್ದಾಗ ಬೀಗಬೇಡ ಎಂದು ಜೊತೆಯವರು ಅವನಿಗೆ ಮೊದಲೇ ಕಟ್ಟುಪಾಡು ಹಾಕಿದ್ದರು. ಜಾನ್ಸನ್ ಏನೇನು ಮಾಡಿದ್ದನೋ ಅದೊಂದೂ ಬೇಡ, ಅಷ್ಟೇ.

1946ರ ಜೂನ್ 10. ಉತ್ತರ ಕೆರೊಲಿನಾದ ರಸ್ತೆಬದಿಯ ಹೋಟೆಲೊಂದರಲ್ಲಿ ಕಪ್ಪುವರ್ಣೀಯನೆಂದು ಅವಮಾನವಾಯಿತು. 68ರ ಮುದುಕ ಸಿಟ್ಟಿನಿಂದ ಕಾರು ಓಡಿಸಿಕೊಂಡು ಹೊರಟ. ಅಪಘಾತವಾಗಿ ಸತ್ತ. ಶಿಕ್ಷೆಗೆ ಅಧ್ಯಕ್ಷರ ಕ್ಷಮಾದಾನ ಬಂದದ್ದು 2018ರಲ್ಲಿ.

ಮೂರು ವರ್ಷದ ಹಿಂದೆ ಈ ಊರಲ್ಲೇ ಒಂದು ಬಾಡಿಗೆ ಮನೆ ಮಾತಾಗಿತ್ತು. ಅಡ್ವಾನ್ಸ್ ಕೊಡುವ ಹೊತ್ತಿಗೆ ಮಾಲೀಕರು ನನ್ನ ಅಡ್ಡಹೆಸರು ಕೇಳಿದರು, ಆಮೇಲೆ ಯಾವ ಜನ ಎಂದರು. ಮರುದಿನ ಮನೆ ಬೇರೆಯವರಿಗೆ ಆಯಿತೆಂದು ಮೆಸೇಜ್. ಟು-ಲೆಟ್ ಬೋರ್ಡ್ ಎರಡು ತಿಂಗಳು ಅದೇ ಗೇಟಿನಲ್ಲಿ ತೂಗಾಡುತ್ತಿತ್ತು. ನಾನು ಆ ಮೆಸೇಜಿಗೆ ಪರವಾಗಿಲ್ಲ ಸರ್ ಎಂದು ಬರೆದು, ಕೈಮುಗಿಯುವ ಇಮೋಜಿಯನ್ನೂ ಕಳಿಸಿದ್ದೆ.

ಕಳೆದ ಸೋಮವಾರ ಕೋಚ್‌ನ್ನು ಕೇಳಿ, ಕೈಗೆ ಸುತ್ತುವ ಬಿಳಿ ಟೇಪಿನ ತುಂಡಿನ ಮೇಲೆ ಮಾರ್ಕರ್‌ನಲ್ಲಿ ಅವನ ಹೆಸರು, ಇಸವಿ ಬರೆದು ಫೋಟೊದ ಕೆಳಗೆ ಅಂಟಿಸಿದೆ. ಪಕ್ಕದಲ್ಲಿ ಹಗ್ಗ ಜಿಗಿಯುತ್ತಿದ್ದ ಹುಡುಗ ನಿಂತು, ಯಾರಣ್ಣ ಇವರು ಎಂದು ಕೇಳಿದ.